ಡಾಲ್‌ಕೌಸ್ಕಿ ಮೇಜರ್ ಲೀಗ್‌ಗೆ ಯಾಕೆ ಬರಲಿಲ್ಲ? ಕಂಟ್ರೋಲ್ ಒಂದೇ ಕಾರಣ ಅಲ್ಲ

ಬಾಲ್ಟಿಮೋರ್_ಕನ್ನಡಿಗ:

ಇಲ್ಲಿ ಬೇಸ್‌ಬಾಲ್ ಬಗ್ಗೆ ಮಾತಾಡುವವರು ಕಡಿಮೆ. ಆದರೂ ಈ ಮನುಷ್ಯನ ಬಗ್ಗೆ ಬರೆಯಲೇಬೇಕು. ಹೆಸರು ಸ್ಟೀವ್ ಡಾಲ್‌ಕೌಸ್ಕಿ. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನವನು. ಹುಟ್ಟಿದ್ದು 1939ರಲ್ಲಿ. ಎಡಗೈ ಪಿಚರ್, ಅಂದರೆ ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ. ಆರಡಿಗೆ ಒಂದಿಂಚು ಕಮ್ಮಿ, ಕಣ್ಣಿಗೆ ದಪ್ಪ ಕನ್ನಡಕ. ನೋಡಿದರೆ ವೇಗದ ಪಿಚರ್ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಆದರೆ ಅವನ ಜೊತೆ ಆಡಿದವರು, ಅವನ ಎದುರು ಬ್ಯಾಟ್ ಹಿಡಿದವರು ಎಷ್ಟೋ ಜನ ಇವನಷ್ಟು ಜೋರಾಗಿ ಎಸೆದವನನ್ನು ತಾವು ಕಂಡೇ ಇಲ್ಲ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಅಂಥವನು ಮೇಜರ್ ಲೀಗ್‌ನ (ಅಮೆರಿಕದ ಅತಿ ಮೇಲಿನ ದರ್ಜೆಯ ಬೇಸ್‌ಬಾಲ್) ಪಂದ್ಯದಲ್ಲಿ ಒಂದೇ ಒಂದು ಚೆಂಡನ್ನೂ ಎಸೆಯಲಿಲ್ಲ.

1957ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ 4,000 ಡಾಲರ್ ಬೋನಸ್ ಕೊಟ್ಟು ಅವನನ್ನು ಸೇರಿಸಿಕೊಂಡಿತು. ಮೊದಲು ಕಳಿಸಿದ್ದು ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ಗೆ, ಎಲ್ಲಕ್ಕಿಂತ ಕೆಳಗಿನ ದರ್ಜೆಯ ಮೈನರ್ ಲೀಗ್‌ಗೆ. ಅಲ್ಲಿ 62 ಇನಿಂಗ್ಸ್‌ನಲ್ಲಿ 121 ಸ್ಟ್ರೈಕ್‌ಔಟ್, 129 ವಾಕ್, 39 ವೈಲ್ಡ್ ಪಿಚ್. ಕ್ರಿಕೆಟ್ ಮಾತ್ರ ನೋಡುವವರಿಗೆ ಹೇಳುತ್ತೇನೆ: ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಮೂರು ಜನ ಔಟಾದರೆ ಒಂದು ಇನಿಂಗ್ಸ್ ಮುಗಿಯಿತು. ಬ್ಯಾಟ್ಸ್‌ಮನ್ ಮೂರು ಒಳ್ಳೆಯ ಚೆಂಡು (ಸ್ಟ್ರೈಕ್) ತಪ್ಪಿಸಿಕೊಂಡು ಔಟಾದರೆ ಸ್ಟ್ರೈಕ್‌ಔಟ್. ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೂ ಸಿಗದಂತೆ ಹೋದದ್ದು ವೈಲ್ಡ್ ಪಿಚ್. ಬ್ಯಾಟ್ಸ್‌ಮನ್‌ಗೆ ಸಿಗುವ ಚೌಕದ ಹೊರಗೆ ನಾಲ್ಕು ಚೆಂಡು ಹೋದರೆ ಅವನು ಸುಮ್ನೆ ನಡೆದುಕೊಂಡು ಮೊದಲ ಬೇಸ್‌ಗೆ ಹೋಗಬಹುದು. ಅದೇ ವಾಕ್. ಒಂಬತ್ತು ಇನಿಂಗ್ಸ್‌ಗೆ ಮೂರು ವಾಕ್ ಕೊಟ್ಟರೆ ಪರವಾಗಿಲ್ಲ. ಇವನದು ಪ್ರತಿ ಇನಿಂಗ್ಸ್‌ಗೆ ಎರಡು. ಆ ವರ್ಷ ಆಗಸ್ಟ್ 31ರ ಪಂದ್ಯದಲ್ಲಿ 24 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಅದೇ ಪಂದ್ಯದಲ್ಲಿ 18 ವಾಕ್ ಕೊಟ್ಟ. ತಂಡ 8–4ರಿಂದ ಸೋತಿತು.

1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ 170 ಇನಿಂಗ್ಸ್: 262 ಸ್ಟ್ರೈಕ್‌ಔಟ್, 262 ವಾಕ್. ಎರಡೂ ಸರಿಸಮ.

ಎಲ್ಲರೂ ಇಲ್ಲಿಗೇ ಕಥೆ ಮುಗಿಸುತ್ತಾರೆ. ವೇಗ ಇತ್ತು, ಕಂಟ್ರೋಲ್ ಇರಲಿಲ್ಲ, ಅದಕ್ಕೇ ಮೇಲೆ ಬರಲಿಲ್ಲ ಅಂತ. ಆದರೆ 1962ನ್ನು ನೋಡಿ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ತಂಡ, ಮ್ಯಾನೇಜರ್ ಅರ್ಲ್ ವೀವರ್. 160 ಇನಿಂಗ್ಸ್, 192 ಸ್ಟ್ರೈಕ್‌ಔಟ್, 114 ವಾಕ್, ಇಆರ್‌ಎ 3.04. ಅಂದರೆ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಮೂರು ರನ್ ಮಾತ್ರ. ಹಿಂದಿನ ವರ್ಷ ಅದೇ ಲೆಕ್ಕ ಎಂಟು ದಾಟಿತ್ತು. ಇನಿಂಗ್ಸ್ ಲೆಕ್ಕದಲ್ಲಿ ವಾಕ್ ಅರ್ಧಕ್ಕಿಂತ ಕಮ್ಮಿಗೆ ಇಳಿಯಿತು. 1963ರ ಮಾರ್ಚ್‌ನಲ್ಲಿ ಫ್ಲಾರಿಡಾದ ತರಬೇತಿ ಪಂದ್ಯಗಳಲ್ಲಿ ಚೆನ್ನಾಗಿ ಎಸೆದ. ಓರಿಯೋಲ್ಸ್ ಅವನನ್ನು ರಿಲೀಫ್ ಪಿಚರ್ (ಪಂದ್ಯದ ನಡುವೆ ಬದಲಿಗೆ ಬಂದು ಎಸೆಯುವವನು) ಆಗಿ ಜೊತೆಗೆ ಕರೆದುಕೊಂಡು ಹೋಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಮೇಜರ್ ಲೀಗ್ ಜರ್ಸಿಗೆ ಅಳತೆಯನ್ನೂ ಕೊಟ್ಟಿದ್ದ. ಅಷ್ಟರಲ್ಲಿ ಯಾಂಕೀಸ್ ಎದುರಿನ ತರಬೇತಿ ಪಂದ್ಯದಲ್ಲಿ ಎಡ ಮೊಣಕೈ ಹೋಯಿತು. ಆ ವೇಗ ಮತ್ತೆ ಬರಲೇ ಇಲ್ಲ.

ಹಾಗಾಗಿ ನನ್ನ ವಾದ ಇದು. ಕಂಟ್ರೋಲ್ ಬಂದಿತ್ತು. ಹೋಗಿದ್ದು ಕೈ. ಅದನ್ನು ಹಾಗೆ ಹೋಗಲು ಬಿಟ್ಟವರೂ ಇದ್ದರು. ನೀವೆಲ್ಲ ಏನು ಹೇಳುತ್ತೀರಿ?

ಮಂಡ್ಯ_ವೇಗಿ:

ಅಣ್ಣ, ಮೊದಲು ಇದು ಹೇಳಿ. ಎಷ್ಟು ವೇಗ? 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ 161.3 ಕಿ.ಮೀ. ಎಸೆದಿದ್ದ. ಅದಕ್ಕಿಂತ ಜಾಸ್ತಿನಾ?

ಸ್ಕೋರ್_ಪಟ್ಟಿ:

ಅಳತೆ ಆಗಿದ್ದು ಒಂದೇ ಸಲ, ಅದೂ ಅಧ್ವಾನವಾಗಿ. 1958ರಲ್ಲಿ ಮೇರಿಲ್ಯಾಂಡ್‌ನ ಅಬರ್‌ಡೀನ್ ಎಂಬ ಸೇನಾ ಪರೀಕ್ಷಾ ಕೇಂದ್ರಕ್ಕೆ ಅವನನ್ನು ಕರೆದುಕೊಂಡು ಹೋದರು. ಹಿಂದಿನ ದಿನವಷ್ಟೇ ಪಂದ್ಯ ಆಡಿದ್ದ. ಎಸೆಯಲು ಮಣ್ಣಿನ ದಿಬ್ಬ ಇರಲಿಲ್ಲ, ಸಮತಟ್ಟು ನೆಲದ ಮೇಲೆ ನಿಂತು ಎಸೆದ. ಯಂತ್ರಕ್ಕೆ ಸಿಗಬೇಕಾದರೆ ಚೆಂಡು ಒಂದು ಚಿಕ್ಕ ಜಾಗದೊಳಗೇ ಹಾದುಹೋಗಬೇಕು. ಸುಮಾರು ನಲವತ್ತು ನಿಮಿಷ ಎಸೆದ ಮೇಲೆ ಒಂದು ಚೆಂಡು ಸಿಕ್ಕಿತು. ಗಂಟೆಗೆ 93.5 ಮೈಲಿ, ಅಂದರೆ 150 ಕಿ.ಮೀ. ಚಿಲ್ಲರೆ.

ಈ ಸಂಖ್ಯೆಯನ್ನು ಇವತ್ತಿನ ಸಂಖ್ಯೆಗಳ ಪಕ್ಕ ಇಡಬಾರದು. ಇವತ್ತು ಚೆಂಡು ಕೈ ಬಿಟ್ಟ ಕ್ಷಣದ ವೇಗ ಅಳೆಯುತ್ತಾರೆ. ಆಗ ಅಳೆಯುತ್ತಿದ್ದದ್ದು ಚೆಂಡು ಬ್ಯಾಟ್ಸ್‌ಮನ್ ಹತ್ತಿರ ಬಂದ ಮೇಲೆ. ಅಷ್ಟು ದೂರ ಬರುವಷ್ಟರಲ್ಲಿ ಗಾಳಿಯ ತಡೆಗೆ ಏಳೆಂಟು ಮೈಲಿ ಕಮ್ಮಿಯಾಗುತ್ತದೆ. ಅದನ್ನು ಸೇರಿಸಿ, ಹಿಂದಿನ ದಿನದ ದಣಿವು ಸೇರಿಸಿ, ದಿಬ್ಬ ಇಲ್ಲದ್ದನ್ನೂ ಸೇರಿಸಿ. ನೂರು ದಾಟುತ್ತದೆ, ಅದರಲ್ಲಿ ಅನುಮಾನ ಬೇಡ. ದಾಖಲೆಯಲ್ಲಿರುವ ಅತಿ ವೇಗದ ಚೆಂಡು ಅರೋಲ್ಡಿಸ್ ಚಾಪ್‌ಮನ್‌ದು: 2010ರ ಸೆಪ್ಟೆಂಬರ್‌ನಲ್ಲಿ, 105.8 ಮೈಲಿ, ಅಂದರೆ 170 ಕಿ.ಮೀ. ಅವನೂ ಎಡಗೈ, ಅವನೂ ರಿಲೀಫ್ ಪಿಚರ್.

ಕೋಲಾರದ_ಮೇಷ್ಟ್ರು:

ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ನೂರು ಸರಿ. ಆದರೆ ಅವನ ಕ್ಯಾಚರ್ ಆಗಿದ್ದ ಕ್ಯಾಲ್ ರಿಪ್ಕೆನ್ ಸೀನಿಯರ್ ಅಂಥವರು 110 ಮೈಲಿ, 115 ಮೈಲಿ ಅಂತ ಅಂದಾಜು ಹೇಳಿದ್ದನ್ನು ಜನ ಸತ್ಯ ಅಂತಲೇ ಹಂಚುತ್ತಾರೆ. ಇವತ್ತು ಪ್ರತಿ ಪಂದ್ಯದಲ್ಲೂ ಪ್ರತಿ ಚೆಂಡನ್ನೂ ಅಳೆಯುತ್ತಾರೆ. ಸಾವಿರಾರು ಬಲವಾದ ಹುಡುಗರು ಎಸೆಯುತ್ತಾರೆ. ಯಾರೂ 106 ಮುಟ್ಟಿಲ್ಲ. ಎಲ್ಲಿಗೆ ಬರುತ್ತದೋ ಗೊತ್ತಿಲ್ಲದ ಚೆಂಡು ಕಣ್ಣಿಗೆ ಇನ್ನೂ ವೇಗವಾಗಿ ಕಾಣುತ್ತದೆ. ಭಯವೂ ಅದಕ್ಕೆ ಸೇರಿಕೊಳ್ಳುತ್ತದೆ. ಕಿಂಗ್ಸ್‌ಪೋರ್ಟ್‌ನಲ್ಲಿದ್ದಾಗ ಎದುರಾಳಿ ತಂಡದ ಒಬ್ಬ ಹುಡುಗನ ತಲೆಗೆ ಇವನ ಚೆಂಡು ಬಿತ್ತು. ಆ ಹುಡುಗನ ಆಟ ಅಲ್ಲಿಗೆ ಮುಗಿಯಿತು. ಇಂಥದ್ದು ಕೇಳಿದ ಮೇಲೆ ಯಾವ ಬ್ಯಾಟ್ಸ್‌ಮನ್ ಧೈರ್ಯವಾಗಿ ನಿಲ್ಲುತ್ತಾನೆ?

ಮತ್ತೊಂದು ವಿಷಯ. ಒಂಬತ್ತು ಸೀಸನ್‌ನಲ್ಲಿ 46 ಗೆಲುವು, 80 ಸೋಲು. ಒಂದು ಒಳ್ಳೆಯ ವರ್ಷ ಹಿಡಿದುಕೊಂಡು ಎಲ್ಲ ಸರಿಹೋಗಿತ್ತು ಅನ್ನುವುದು ಕಷ್ಟ. ಕುಡಿತವೂ ಇತ್ತು. ಅದನ್ನು ಬಿಟ್ಟು ಅವನ ಬದುಕಿನ ಮಾತು ಆಡಲು ಆಗುವುದಿಲ್ಲ.

ಬಾಲ್ಟಿಮೋರ್_ಕನ್ನಡಿಗ:

ಮೇಷ್ಟ್ರೇ, 110ರ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕುಡಿತವೂ ನಿಜ. ಆದರೆ ಆ ಒಂದು ವರ್ಷದಲ್ಲಿ ಏನು ಬದಲಾಯಿತು ಅಂತ ನೋಡಬೇಕು. ನನಗೆ ಈ ಕಥೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಅದೇ.

ವೀವರ್‌ಗಿಂತ ಮೊದಲು ಬಂದವರೆಲ್ಲ ಅವನಿಗೆ ಏನಾದರೊಂದು ಹೊಸದಾಗಿ ಕಲಿಸಲು ನೋಡಿದರು. ಮರದ ಹಲಗೆಯನ್ನು ಗುರಿಯಾಗಿ ಇಟ್ಟರು, ಅವನು ಅದನ್ನು ಒಡೆದುಹಾಕಿದ. ಕೈ ದಣಿದರೆ ವೇಗ ಇಳಿಯುತ್ತದೆ, ಆಗ ಚೆಂಡು ಹತೋಟಿಗೆ ಬರುತ್ತದೆ ಅಂತ ಪಂದ್ಯಕ್ಕೆ ಮುಂಚೆಯೇ ಸಿಕ್ಕಾಪಟ್ಟೆ ಎಸೆಸಿದರು. ಇಪ್ಪತ್ತು ವರ್ಷದ ಹುಡುಗನ ಕೈಯನ್ನು ಹೀಗೆ ಬೇಕಂತಲೇ ದಣಿಸುವುದು ಎಂಥ ತರಬೇತಿ? ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ವೀವರ್ ಬೇರೆ ದಾರಿ ಹಿಡಿದರು. ತಂಡದ ಹುಡುಗರಿಗೆಲ್ಲ ಬುದ್ಧಿಮಟ್ಟದ ಪರೀಕ್ಷೆ ಮಾಡಿಸಿದ್ದರು. ಒಂದೇ ಸಲ ಹತ್ತು ವಿಷಯ ಹೇಳಿದರೆ ಡಾಲ್‌ಕೌಸ್ಕಿಗೆ ತಲೆಗೆ ಹತ್ತುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ಅವನನ್ನು ಬೈಯಲಿಲ್ಲ. ಹೇಳುವುದನ್ನು ಕಮ್ಮಿ ಮಾಡಿದರು. ನೇರ ವೇಗದ ಚೆಂಡು, ಒಂದು ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಚೆಂಡು), ಎರಡೇ ಸಾಕು. ಪೂರ್ತಿ ಜೋರು ಹಾಕಬೇಡ, ಚೌಕದ ಮಧ್ಯಕ್ಕೆ ಎಸಿ. ಎರಡು ಸ್ಟ್ರೈಕ್ ಆದ ಮೇಲೆ ನಾನು ಶಿಳ್ಳೆ ಹೊಡೆಯುತ್ತೇನೆ, ಆಗ ನಿನ್ನ ಶಕ್ತಿ ಎಲ್ಲಾ ಹಾಕು. ಇಷ್ಟೇ ಸೂಚನೆ. ಐದು ವರ್ಷದಲ್ಲಿ ಯಾರಿಗೂ ಆಗದ್ದು ಆ ಒಂದು ಶಿಳ್ಳೆಯಿಂದ ಆಯಿತು.

ಡಾಡ್ಜರ್ಸ್ ತಂಡದ ಹೆಸರಾಂತ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್‌ಗೂ ಇದೇ ಆಗಿತ್ತು. ಮೊದಲ ಆರು ವರ್ಷದಲ್ಲಿ ಅವನು 36 ಗೆದ್ದು 40 ಸೋತಿದ್ದ. 1961ರ ತರಬೇತಿಯಲ್ಲಿ ಅವನ ಕ್ಯಾಚರ್ ನಾರ್ಮ್ ಶೆರ್ರಿ, ಇಷ್ಟು ಜೋರು ಬೇಡ, ಸ್ವಲ್ಪ ಸಡಿಲ ಬಿಡು ಅಂದರು. ಆ ವರ್ಷ 269 ಸ್ಟ್ರೈಕ್‌ಔಟ್, ಆಗ ನ್ಯಾಷನಲ್ ಲೀಗ್ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ದಾಖಲೆ. ಆದರೆ ಕೋಫ್ಯಾಕ್ಸ್ ಕಂಟ್ರೋಲ್ ಹುಡುಕಿದ್ದು ಮೇಜರ್ ಲೀಗ್‌ನಲ್ಲಿ ಇದ್ದುಕೊಂಡೇ. ಆಗಿನ ನಿಯಮ ಹಾಗಿತ್ತು: ದೊಡ್ಡ ಬೋನಸ್ ಪಡೆದವನನ್ನು ಮೊದಲ ಎರಡು ವರ್ಷ ಮೈನರ್ ಲೀಗ್‌ಗೆ ಇಳಿಸುವಂತಿರಲಿಲ್ಲ. ಡಾಲ್‌ಕೌಸ್ಕಿ ಮಾತ್ರ ಊರಿಂದ ಊರಿಗೆ ಬಸ್ಸಿನಲ್ಲಿ ಸುತ್ತುತ್ತಲೇ ಇದ್ದ.

ಫಿಸಿಯೋ_ಹುಬ್ಬಳ್ಳಿ:

ಕೈ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನ್ರೀ. ಇದು ನಮ್ಮ ಕೆಲಸಕ್ಕೆ ಸೇರಿದ್ದು.

ಮೊಣಕೈಯ ಒಳಬದಿಯಲ್ಲಿ, ಮೇಲ್ತೋಳಿನ ಎಲುಬನ್ನೂ ಮುಂಗೈಯ ಎಲುಬನ್ನೂ ಕಟ್ಟಿಹಿಡಿಯುವ ಒಂದು ಚಿಕ್ಕ ಕಟ್ಟು ಇದೆ. ಯುಸಿಎಲ್ ಅನ್ನುತ್ತಾರೆ. ಚೆಂಡು ಎಸೆಯುವಾಗ ತೋಳು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವ ಹೊತ್ತಿನಲ್ಲಿ ಮೊಣಕೈ ಒಳಗಡೆಯಿಂದ ತೆರೆದುಕೊಳ್ಳಲು ನೋಡುತ್ತದೆ. ಅದನ್ನು ತಡೆಯುವುದು ಈ ಕಟ್ಟು ಮತ್ತು ಸುತ್ತಲಿನ ಸ್ನಾಯುಗಳು. ಸ್ನಾಯು ದಣಿದರೆ ಭಾರವೆಲ್ಲ ಕಟ್ಟಿನ ಮೇಲೆ. ಸ್ನಾಯುವನ್ನು ವ್ಯಾಯಾಮ ಮಾಡಿ ಬೆಳೆಸಬಹುದು. ಈ ಕಟ್ಟನ್ನು ಹಾಗೆ ಬೆಳೆಸಲು ಆಗುವುದಿಲ್ಲ. ಅದಕ್ಕೇ ವೇಗ ಹೆಚ್ಚಾದಷ್ಟೂ ಅಪಾಯ. ದಣಿದ ಕೈಯಲ್ಲಿ ಇನ್ನೂ ಎಸೆಸಿದರು ಅಂತ ಓದಿದಾಗ ನನಗೆ ಸಂಕಟವಾಯಿತು.

1963ರಲ್ಲಿ ಈ ಕಟ್ಟು ಹೋದರೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಇರಲಿಲ್ಲ. ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಸಲ ಈ ಕಟ್ಟನ್ನು ಮರುಜೋಡಿಸಿದ್ದು 1974ರ ಸೆಪ್ಟೆಂಬರ್‌ನಲ್ಲಿ. ಮುಂಗೈಯ ಒಂದು ಸ್ನಾಯುರಜ್ಜು ತೆಗೆದು ಮೊಣಕೈಗೆ ಹಾಕಿದರು. ಟಾಮಿ ಜಾನ್ ಅದಾದ ಮೇಲೆ 1989ರವರೆಗೂ ಆಡಿದ. ಡಾಲ್‌ಕೌಸ್ಕಿಗೆ ಇದು ಹನ್ನೊಂದು ವರ್ಷ ತಡವಾಯಿತು.

ಈಗಿನ ಉದಾಹರಣೆ ಬೇಕಾದರೆ ಬೆನ್ ಜಾಯ್ಸ್ ಇದ್ದಾನೆ. 2020ರಲ್ಲಿ ಅವನಿಗೂ ಇದೇ ಶಸ್ತ್ರಚಿಕಿತ್ಸೆ ಆಯಿತು. ವಾಪಸ್ ಬಂದು 2022ರ ಮೇ 1ರಂದು ಟೆನೆಸ್ಸಿ ವಿಶ್ವವಿದ್ಯಾಲಯದ ಪರವಾಗಿ 105.5 ಮೈಲಿ ಎಸೆದ. ಅದೇ ವರ್ಷ ಮೇಜರ್ ಲೀಗ್‌ನ ಏಂಜಲ್ಸ್ ತಂಡ ಹೊಸಬರ ಆಯ್ಕೆಯ ಮೂರನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅಲಬಾಮಾದ ರಾಕೆಟ್ ಸಿಟಿ ಮೈನರ್ ಲೀಗ್ ತಂಡಕ್ಕೆ ಕಳಿಸಿದರು. ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಮಾಡಲು ಹೋಗಲಿಲ್ಲ, ಬುಲ್‌ಪೆನ್‌ನಲ್ಲೇ (ರಿಲೀಫ್ ಪಿಚರ್‌ಗಳು ಕಾಯುವ ಜಾಗ) ಇಟ್ಟರು. ಬಂದು ಒಂದು ಇನಿಂಗ್ಸ್ ಎಸೆದು ಹೋಗುವುದು. 2023ರ ಮೇ 29ಕ್ಕೆ ಮೇಜರ್ ಲೀಗ್. ಆರಿಸಿಕೊಂಡು ಒಂದು ವರ್ಷವೂ ಆಗಿರಲಿಲ್ಲ. 2024ರ ಸೆಪ್ಟೆಂಬರ್ 3ರಂದು ಡಾಡ್ಜರ್ಸ್‌ನ ಟಾಮಿ ಎಡ್‌ಮನ್‌ನನ್ನು ಸ್ಟ್ರೈಕ್‌ಔಟ್ ಮಾಡಿದ ಚೆಂಡು ಮತ್ತೆ 105.5. ವೇಗ ಅಳೆಯಲು ಶುರು ಮಾಡಿದ ಮೇಲೆ ಸ್ಟ್ರೈಕ್‌ಔಟ್ ತಂದ ಅತಿ ವೇಗದ ಚೆಂಡು ಅದು.

ಇಷ್ಟೆಲ್ಲ ಜಾಗ್ರತೆ ಮಾಡಿದರೂ 2025ರಲ್ಲಿ ಅವನ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಈ ವೇಗಕ್ಕೆ ದೇಹ ಕೊಡುವ ಬೆಲೆ ದೊಡ್ಡದು. ಆದರೆ ಜಾಯ್ಸ್‌ಗೆ ಎರಡನೇ ಅವಕಾಶ ಸಿಕ್ಕಿತು, ಡಾಲ್‌ಕೌಸ್ಕಿಗೆ ಸಿಗಲಿಲ್ಲ.

ಮಂಡ್ಯ_ವೇಗಿ:

ಡಾಕ್ಟ್ರೇ, ಇದನ್ನು ಓದಿ ಮಯಾಂಕ್ ಯಾದವ್ ನೆನಪಾದ. 2024ರ ಏಪ್ರಿಲ್ 2ರಂದು ನಮ್ಮ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ಎದುರು 156.7 ಕಿ.ಮೀ. ಹಾಕಿದ. 14 ರನ್ನಿಗೆ 3 ವಿಕೆಟ್. ಮ್ಯಾಕ್ಸ್‌ವೆಲ್, ಗ್ರೀನ್, ಪಾಟೀದಾರ್. ನಮ್ಮ ತಂಡ ಸೋತರೂ ಆ ಹುಡುಗನ ಬೌಲಿಂಗ್ ನೋಡಿ ಖುಷಿಯಾಗಿತ್ತು. ಮುಂದಿನ ಪಂದ್ಯದಲ್ಲಿ ಒಂದೇ ಓವರ್, ನೋವು ಅಂತ ಹೊರಗೆ ಹೋದ. ಆಮೇಲೆ ಗಾಯದ ಸುದ್ದಿಯೇ ಜಾಸ್ತಿ. ಇಂಥ ಹುಡುಗರನ್ನು ಹೇಗೆ ಕಾಪಾಡಬೇಕು ಅಂತ ನಮ್ಮಲ್ಲೂ ಗಟ್ಟಿಯಾಗಿ ಮಾತಾಡಬೇಕು.

ಇನ್ನೊಂದು ಪ್ರಶ್ನೆ. ರಿಲೀಫ್ ಅಂದರೆ ಎರಡನೇ ದರ್ಜೆ ಅಂತನಾ? ಅಷ್ಟು ವೇಗ ಇದ್ದವನನ್ನು ಶುರುವಿನಿಂದಲೇ ಯಾಕೆ ಎಸೆಸಲಿಲ್ಲ?

ಸ್ಕೋರ್_ಪಟ್ಟಿ:

ಆಗ ಹಾಗೇ ನೋಡುತ್ತಿದ್ದರು. ಶುರು ಮಾಡುವವನೇ ದೊಡ್ಡವನು, ಪೂರ್ತಿ ಪಂದ್ಯ ಅವನೇ ಮುಗಿಸಬೇಕು. ಅವನು ಸುಸ್ತಾದರೆ, ಇಲ್ಲ ಏಟು ತಿಂದರೆ, ಬುಲ್‌ಪೆನ್‌ನಿಂದ ಇನ್ನೊಬ್ಬ. ಈಗ ರಿಲೀಫ್ ಪಿಚರ್ ಅನ್ನುವುದೇ ಒಂದು ಪ್ರತ್ಯೇಕ ಕಸುಬು. ಒಂದೇ ಇನಿಂಗ್ಸ್ ಆದ್ದರಿಂದ ಶಕ್ತಿ ಉಳಿಸಿಕೊಳ್ಳುವ ಯೋಚನೆ ಬೇಡ. ಎರಡೇ ಬಗೆಯ ಚೆಂಡು ಗೊತ್ತಿದ್ದರೂ ನಡೆಯುತ್ತದೆ.

1963ರ ಓರಿಯೋಲ್ಸ್ ಬುಲ್‌ಪೆನ್‌ನಲ್ಲಿ ಇದ್ದ ಮುಖ್ಯ ರಿಲೀಫ್ ಪಿಚರ್ ಸ್ಟೂ ಮಿಲ್ಲರ್. ನಿಧಾನವಾದ ಚೆಂಡಿಗೇ ಹೆಸರಾದವನು. ಆ ವರ್ಷ 71 ಪಂದ್ಯ ಆಡಿ, 27 ಸೇವ್‌ಗಳೊಂದಿಗೆ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಉಳಿಸಿಕೊಟ್ಟರೆ ಒಂದು ಸೇವ್) ಮೇಜರ್ ಲೀಗ್‌ನ ಇನ್ನೊಂದು ವಿಭಾಗವಾದ ಅಮೆರಿಕನ್ ಲೀಗ್‌ನಲ್ಲೇ ಮೊದಲು ಬಂದ. ಎಂಟನೇ ಇನಿಂಗ್ಸ್‌ನಲ್ಲಿ ಡಾಲ್‌ಕೌಸ್ಕಿಯ ಚೆಂಡು ನೋಡಿ ಒಂಬತ್ತನೆಯದರಲ್ಲಿ ಮಿಲ್ಲರ್‌ನ ಚೆಂಡು ಎದುರಿಸಬೇಕಾದ ಬ್ಯಾಟ್ಸ್‌ಮನ್ ಗತಿ ಏನಾಗುತ್ತಿತ್ತು! ಆ ಜೋಡಿಯನ್ನು ಒಂದು ಸೀಸನ್ ಆದರೂ ನೋಡಬೇಕಿತ್ತು.

ಇಂಡಿಯಾನಾದ_ಅಮ್ಮ:

ನಾನು ಬೇಸ್‌ಬಾಲ್ ನೋಡಲು ಶುರು ಮಾಡಿದ್ದೇ ಮಗನಿಂದ. ಹನ್ನೆರಡು ವರ್ಷ, ಲಿಟಲ್ ಲೀಗ್‌ನಲ್ಲಿ ಪಿಚರ್. ಇಲ್ಲಿ ಮಕ್ಕಳಿಗೆ ಲೆಕ್ಕ ಇದೆ. 11–12 ವಯಸ್ಸಿಗೆ ದಿನಕ್ಕೆ 85 ಚೆಂಡು ಮೀರಬಾರದು. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ ಕೊಡಲೇಬೇಕು. ಮೈದಾನದಲ್ಲಿ ಒಬ್ಬರು ಕ್ಲಿಕ್ಕರ್ ಹಿಡಿದು ಎಣಿಸುತ್ತಾರೆ. ಇದೆಲ್ಲ ಯಾಕೆ ಇಷ್ಟು ಬಿಗಿ ಅಂತ ಮೊದಲು ಅನ್ನಿಸುತ್ತಿತ್ತು. ಡಾಲ್‌ಕೌಸ್ಕಿ ಅವರ ವಿಷಯ ಓದಿದ ಮೇಲೆ ಅರ್ಥವಾಗುತ್ತಿದೆ. ಆಮೇಲೆ ಅವರ ಬದುಕು ಏನಾಯಿತು? ಕೈ ಹೋದ ಮೇಲೆ ತಂಡದವರು ನೋಡಿಕೊಂಡರಾ?

ಬಾಲ್ಟಿಮೋರ್_ಕನ್ನಡಿಗ:

ಇಲ್ಲಮ್ಮ. ಇನ್ನೊಂದೆರಡು ವರ್ಷ ಮೈನರ್ ಲೀಗ್‌ನಲ್ಲೇ ಅಲ್ಲಿ ಇಲ್ಲಿ ಆಡಿದ. 27 ತುಂಬುವ ಹೊತ್ತಿಗೆ ಆಟ ಮುಗಿದಿತ್ತು. ಆಮೇಲೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಕೆಲಸ. ಬೆಳೆ ಕೊಯ್ಯುವ ಕಡೆಗೆಲ್ಲ ಊರೂರು ತಿರುಗುವ ಕೂಲಿ. ಕುಡಿತ ವಿಪರೀತವಾಯಿತು. ಹಳೆಯ ಆಟಗಾರರ ಸಂಘದವರು ಚಿಕಿತ್ಸೆಗೆ ಸಹಾಯ ಮಾಡಿದರು, ಅದು ನಿಲ್ಲಲಿಲ್ಲ. ಕೊನೆಗೆ ಅಕ್ಕ-ತಂಗಿ ಅಂತ ಇದ್ದ ಒಬ್ಬಳೇ ಸೋದರಿ 1994ರಲ್ಲಿ ಅವನನ್ನು ನ್ಯೂ ಬ್ರಿಟನ್‌ಗೆ ಕರೆಸಿಕೊಂಡು ಆರೈಕೆ ಕೇಂದ್ರಕ್ಕೆ ಸೇರಿಸಿದರು. ಅಷ್ಟರಲ್ಲಿ ಮರೆವಿನ ಕಾಯಿಲೆ ಬಂದಿತ್ತು. ಆದರೂ ಅಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. 2003ರ ಸೆಪ್ಟೆಂಬರ್‌ನಲ್ಲಿ ಓರಿಯೋಲ್ಸ್ ತಂಡದವರು ಬಾಲ್ಟಿಮೋರ್‌ಗೆ ಕರೆಸಿ ಪಂದ್ಯದ ಮೊದಲ ಚೆಂಡು ಎಸೆಸಿದರು. 2020ರ ಏಪ್ರಿಲ್ 19ರಂದು ಕೋವಿಡ್‌ನಿಂದ ತೀರಿಕೊಂಡ. ಎಂಬತ್ತು ವರ್ಷ.

ಕೋಲಾರದ_ಮೇಷ್ಟ್ರು:

ಇದನ್ನು ಓದಿದ ಮೇಲೆ ತಂಡಗಳ ಮೇಲೆ ನನಗೂ ಸಿಟ್ಟು ಬಂತು. ಮೈನರ್ ಲೀಗ್ ಆಟಗಾರರಿಗೆ ಒಂದು ಒಪ್ಪಂದ ಅಂತ ಆಗಿದ್ದೇ 2023ರಲ್ಲಿ. ಅಲ್ಲಿಯವರೆಗೆ ಡಬಲ್-ಎ (ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ) ಆಟಗಾರನಿಗೆ ವರ್ಷಕ್ಕೆ 13,800 ಡಾಲರ್. ಒಪ್ಪಂದದ ಮೇಲೆ 30,250. ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಆದರೆ 35,800. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ಒಂದು ಮೆಟ್ಟಿಲಿನ ವ್ಯತ್ಯಾಸ ಇಷ್ಟು. ಮೆಟ್ಟಿಲು ಹತ್ತುವ ಮುಂಚೆ ಕೈ ಮುರಿದರೆ ಏನೂ ಇಲ್ಲ. ನಮ್ಮ ದೇಶದ ರಿಂಕು ಸಿಂಗ್ (ಕ್ರಿಕೆಟಿಗ ಅಲ್ಲ, ಜಾವೆಲಿನ್ ಎಸೆಯುತ್ತಿದ್ದ ಉತ್ತರ ಪ್ರದೇಶದ ಹುಡುಗ) 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿ, ರಿಲೀಫ್ ಪಿಚರ್ ಆಗಿ ಕೆಳಗಿನ ಲೀಗ್‌ಗಳಲ್ಲಿ ಚೆನ್ನಾಗಿಯೇ ಆಡಿದ. ಅವನನ್ನೂ ತಡೆದದ್ದು ಮೊಣಕೈಯೇ.

ಆದರೂ 1962ರ ಒಂದು ಸೀಸನ್‌ನಿಂದ ಅವನು ಮೇಜರ್ ಲೀಗ್‌ನಲ್ಲಿ ನಿಲ್ಲುತ್ತಿದ್ದ ಅಂತ ನಾನು ಬರೆದುಕೊಡಲಾರೆ. ಒಂಬತ್ತು ಇನಿಂಗ್ಸ್‌ಗೆ ಆರಕ್ಕಿಂತ ಜಾಸ್ತಿ ವಾಕ್ ಆಗಲೂ ಇತ್ತಲ್ಲ.

ಬಾಲ್ಟಿಮೋರ್_ಕನ್ನಡಿಗ:

ಆ ಲೆಕ್ಕ ಸರಿ ಮೇಷ್ಟ್ರೇ. ನಿಲ್ಲುತ್ತಿದ್ದ ಅಂತ ನಾನೂ ಆಣೆ ಮಾಡುವುದಿಲ್ಲ. ಆದರೆ ಅದನ್ನು ಮೈದಾನದಲ್ಲಿ ಬ್ಯಾಟ್ಸ್‌ಮನ್‌ಗಳು ತೀರ್ಮಾನಿಸಬೇಕಿತ್ತು. ಅಂದಹಾಗೆ ಆಟಗಾರರ ಚಿತ್ರದ ಕಾರ್ಡ್ ಮಾರುವ ಟಾಪ್ಸ್ ಕಂಪನಿ 1963ರಲ್ಲಿ ಹೊಸ ಆಟಗಾರರ ಕಾರ್ಡ್ ಒಂದು ತಂದಿತ್ತು, ನಂಬರ್ 496. ಅದರಲ್ಲಿ ನಾಲ್ಕು ಮುಖ. ಒಂದು ಇವನದು. ಉಳಿದ ಮೂವರೂ, ಫ್ರೆಡ್ ನ್ಯೂಮನ್, ಜ್ಯಾಕ್ ಸ್ಮಿತ್, ಕಾರ್ಲ್ ಬೌಲ್ಡಿನ್, ಮೇಜರ್ ಲೀಗ್ ಆಡಿದರು.

ಇಂಡಿಯಾನಾದ_ಅಮ್ಮ:

ಡಾಕ್ಟ್ರೇ, ಒಂದು ಕೇಳಬೇಕಿತ್ತು. ಮಗ ಪಿಚಿಂಗ್ ಮುಗಿಸಿದ ಮೇಲೆ ಅದೇ ಪಂದ್ಯದಲ್ಲಿ ಕ್ಯಾಚರ್ ಆಗಿ ಕೂರಿಸುತ್ತೇವೆ ಅನ್ನುತ್ತಾರೆ. ಅದು ಪರವಾಗಿಲ್ವಾ?

ಫಿಸಿಯೋ_ಹುಬ್ಬಳ್ಳಿ:

ಬೇಡ್ರೀ ಅಕ್ಕ. ಕ್ಯಾಚರ್ ಆದವನು ಪ್ರತಿ ಚೆಂಡನ್ನೂ ಪಿಚರ್‌ಗೆ ವಾಪಸ್ ಎಸೆಯಬೇಕು. ಕೈಗೆ ವಿಶ್ರಾಂತಿ ಎಲ್ಲಿ ಸಿಗುತ್ತದೆ? ಲಿಟಲ್ ಲೀಗ್ ನಿಯಮದಲ್ಲೇ ಇದೆ: 41 ಅಥವಾ ಅದಕ್ಕಿಂತ ಹೆಚ್ಚು ಚೆಂಡು ಪಿಚ್ ಮಾಡಿದ ಹುಡುಗ ಆ ದಿನ ಕ್ಯಾಚರ್ ಆಗುವಂತಿಲ್ಲ. ಕೋಚ್ ಹತ್ತಿರ ಆ ನಿಯಮ ತೋರಿಸಿ ಮಾತಾಡಿ. ಅದಕ್ಕಿಂತ ಕಮ್ಮಿ ಎಸೆದಿದ್ದರೂ ಮೊಣಕೈ ಒಳಬದಿ ನೋಯುತ್ತಿದೆ ಅಂತ ಮಗ ಹೇಳಿದರೆ ಅವತ್ತೇ ನಿಲ್ಲಿಸಿ, ಒಂದು ಸಲ ಮೂಳೆ ಡಾಕ್ಟರಿಗೆ ತೋರಿಸಿ. ಆ ವಯಸ್ಸಿನಲ್ಲಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ, ನೋವು ಮುಚ್ಚಿಟ್ಟುಕೊಂಡು ಆಡುವುದು ಬೇಡವೇ ಬೇಡ.